ಮೇಲಿನ ಸಾಲು ನನ್ನದು, ಕೆಳಗಿನದು ಅವಳದು

ನಮ್ಮ ಮಿಲ್ಲಿನ ಜನರಲ್ ಮ್ಯಾನೇಜರರ ಬೀಳ್ಕೊಡುಗೆಯ ಸಂಜೆ ನಾನು ಸ್ಯಾಕ್ಸಫೋನ್ ನುಡಿಸುತ್ತೇನೆ, ನನ್ನ ಹೆಂಡತಿ ಪಿಯಾನೊದಲ್ಲಿ ಪಕ್ಕವಾದ್ಯ ಕೊಡುತ್ತಾಳೆ, ಇಂಥ ಕಚೇರಿಯನ್ನು ಕೊಯಮತ್ತೂರು ಹಿಂದೆ ಕೇಳಿಲ್ಲ, ಮುಂದೆ ಕೇಳುವುದೂ ಇಲ್ಲ! ಹೀಗೆಂದು ನಾನು ಕ್ಯಾಂಟೀನಿನಲ್ಲಿ ಎದ್ದು ನಿಂತು ಘೋಷಿಸಿದೆ. ಇದರಲ್ಲಿ ಕೊನೆಯ ಮಾತು ಮಾತ್ರ ಅಕ್ಷರಶಃ ನಿಜವಾಯಿತು.

ಇದು ಎಂಬತ್ತನಾಲ್ಕನೆಯ ಇಸವಿಯ ಮಾತು. ನಾನು ವ್ಯಾಸರಾಯ, ಮಿಲ್ಲಿನಲ್ಲಿ ಸ್ಟೋರ್ಸ್ ಆಫೀಸರ್. ಅಜ್ಜ, ಮುತ್ತಜ್ಜರ ಕಾಲದಿಂದ ನಮ್ಮದು ಇದೇ ಊರಿನ ಕನ್ನಡದ ಮನೆ. ನನ್ನ ಹೆಂಡತಿ ಕಮಲಾಕ್ಷಿಗೆ ತಮಿಳು ಓದಲು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಕನ್ನಡದ ಅಕ್ಷರ ಮಾತ್ರ ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಅಮ್ಮನಿಗೆ ಕನ್ನಡ ಓದಲು ಬರುತ್ತದೆ. ಆದರೆ ಅವರ ಕನ್ನಡಕ ಒಡೆದಿದೆ, ಇದು ಅಚ್ಚಾಗಿ ಹಳೆಯದಾಗುವ ತನಕ ನಾನು ಹೊಸದು ಮಾಡಿಸುವುದಿಲ್ಲ.

ಘೋಷಣೆಗೆ ಕಾರಣ ಅಕೌಂಟ್ಸ್ ವಿಭಾಗದ ಲಿಂಗಸಾಮಿ. ಆಫೀಸರ್ಸ್ ಕ್ಲಬ್ಬಿನಲ್ಲಿ ಏನೇ ಸಮಾರಂಭವಾಗಲಿ, ಈ ಮನುಷ್ಯ ಎದೆಯ ಮೇಲೆ ಕೈಯಿಟ್ಟು ಹಳೆಯ ಸಿನಿಮಾ ಹಾಡು ಹಾಡುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ದಿನ ಅವನು ನನ್ನ ಕಡೆ ತಿರುಗಿ, "ಸ್ಟೋರ್ಸ್ ಸಾರ್ ಈ ಸಲವೂ ಕುರ್ಚಿ ಎಣಿಸೋದೇನಾ?" ಎಂದು ತಮಿಳಿನಲ್ಲಿ ಕೇಳಿದ. ಎಲ್ಲರೂ ನಕ್ಕರು. ನನ್ನೊಳಗಿದ್ದ ಕಲಾವಿದನಿಗೆ ಅಲ್ಲಿಯೇ ಎಚ್ಚರವಾಯಿತು.

ನನ್ನೊಳಗೆ ಕಲಾವಿದ ಇದ್ದದ್ದು ಸುಳ್ಳಲ್ಲ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವನು ನಾನು. ಐದು ಗೆರೆಗಳ ಮೇಲೆ ಕೂತ ಆ ಇಂಗ್ಲಿಷ್ ಸ್ವರಗಳನ್ನು ಓದಬಲ್ಲೆ. ಮೇಲಾಗಿ ನಮ್ಮೂರಿನ ಸಿರುವಾಣಿ ಹೊಳೆಯ ನೀರು ಕುಡಿದು ಬೆಳೆದ ಶ್ವಾಸಕೋಶ! ಮಿಲ್ಲಿನ ಗೋದಾಮಿನಲ್ಲಿ ಕ್ಲಬ್ಬಿನ ಹಳೆಯ ಸಾಮಾನೆಲ್ಲ ನನ್ನ ಸುಪರ್ದಿಯಲ್ಲಿತ್ತು. ದೊರೆಗಳ ಕಾಲದ ಒಂದು ಸ್ಯಾಕ್ಸಫೋನ್, ಬ್ಯಾಡ್ಮಿಂಟನ್ ಬಲೆ ಹೊದ್ದು ಮಲಗಿದ್ದ ಒಂದು ಪಿಯಾನೊ, ಒಂದು ಟ್ರಂಕಿನ ತುಂಬ ಸಂಗೀತದ ಹಾಳೆಗಳು. ಹಾಳೆಗಳ ನಡುವೆ ಜನರಲ್ ಮ್ಯಾನೇಜರರೂ ಅವರ ಹೆಂಡತಿಯೂ ಕ್ಲಬ್ಬಿನಲ್ಲಿ ಕೈ ಕೈ ಹಿಡಿದುಕೊಂಡು ರೆಕಾರ್ಡ್ ಹಾಕಿಸಿ ಕೇಳುತ್ತಿದ್ದ ಆ ಹಳೆಯ ಇಂಗ್ಲಿಷ್ ಪ್ರೇಮಗೀತೆಯೂ ಸಿಕ್ಕಿತು. ಆ ಹಾಡಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅದು ನನಗೆ ಯಾವ ಅನ್ಯಾಯವನ್ನೂ ಮಾಡಿಲ್ಲ.

ಆ ಹಾಡಿಗೆ ಎರಡು ಪ್ರತಿಗಳಿದ್ದವು. ಒಂದು ದಪ್ಪಗೆ, ಅದರಲ್ಲಿ ಸಾಲುಗಳು ಜೋಡಿ ಜೋಡಿಯಾಗಿ, ಮೇಲೊಂದು ಕೆಳಗೊಂದು. ಇನ್ನೊಂದು ತೆಳ್ಳಗೆ, ಅದರಲ್ಲಿ ಒಂಟಿ ಸಾಲು. ಎರಡರ ನೆತ್ತಿಯ ಮೇಲೂ ಒಂದೇ ಹೆಸರು. ಒಂದೇ ಹೆಸರಿನ ಸಾಮಾನು ಎರಡು ಕಂಡರೆ ಒಂದು ಹೆಚ್ಚುವರಿ ಎನ್ನುವುದು ಸ್ಟೋರ್ಸಿನವರ ರಕ್ತದಲ್ಲಿಯೇ ಇರುವ ತಿಳಿವಳಿಕೆ. ಮೂಲೆಯ ಸಣ್ಣ ಅಕ್ಷರ ಓದುತ್ತ ಕೂರುವುದು ಅಕೌಂಟ್ಸಿನವರ ಚಾಳಿ, ನಮ್ಮದಲ್ಲ. ತೆಳ್ಳನೆಯದನ್ನು ಮನೆಗೆ ತಂದು ಅಮ್ಮನಿಗೆ ಕೊಟ್ಟೆ. ನಿಂಬೆ ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಗಟ್ಟಿ ಕಾಗದ ಬೇಕೆಂದು ಅವರು ಕೇಳಿದ್ದರು.

ಇನ್ನು ಉಳಿದ ದಪ್ಪ ಪ್ರತಿ. ಶಾಲೆಯ ಬ್ಯಾಂಡಿನಲ್ಲಿ ಒಬ್ಬನಿಗೆ ಒಂದು ಸಾಲು. ಆದ್ದರಿಂದ ಎರಡು ಸಾಲು ಎಂದರೆ ಎರಡು ಆಳು. ಮೇಲಿನ ಸಾಲಿನ ಮೊದಲಿಗೆ ನನಗೆ ಗೊತ್ತಿದ್ದ ಸುರುಳಿ ಗುರುತು ಇತ್ತು, ಅದು ಊದುವವನದು. ಕೆಳಗಿನ ಸಾಲಿನ ಮೊದಲಿಗೆ ಕಿವಿಯ ಆಕಾರದ ಒಂದು ಗುರುತು. ಕಿವಿ ಎಂದ ಮೇಲೆ ಹೇಳಿದ್ದನ್ನು ಕೇಳಿಕೊಂಡು ಹಿಂದೆ ಬರುವವಳದು. ಇಷ್ಟು ಸೊಗಸಾಗಿ ದಾಂಪತ್ಯವನ್ನು ಕಾಗದದ ಮೇಲೆ ಯಾರೂ ಬರೆದಿರಲಿಲ್ಲ ಎಂದುಕೊಂಡೆ.

ಕಮಲಾಳಿಗೆ ಪಿಯಾನೊ ಗೊತ್ತಿತ್ತು. ಅವಳ ತಂದೆ ಮದುಕ್ಕರೈಯ ಸಿಮೆಂಟ್ ಕಾರ್ಖಾನೆಯಲ್ಲಿದ್ದರು. ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿದ್ದ ಡೊರೊತಿ ಮೇಡಂ ಎಂಬ ಆಂಗ್ಲೊ ಇಂಡಿಯನ್ ಹೆಂಗಸು ಇವಳನ್ನು ಚಿಕ್ಕಂದಿನಿಂದ ಮದುವೆಯ ತನಕ ಕೂರಿಸಿ ಕಲಿಸಿದ್ದರು. ನಾವು ಹೆಣ್ಣು ನೋಡಲು ಹೋದಾಗ ದೇವರನಾಮ ಹಾಡಿಸಿ, ಕಾಫಿ ಕುಡಿದು ಬಂದೆವು. ಬೆರಳಿನ ವಿಷಯ ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಪಿಯಾನೊ ಇರಲಿಲ್ಲ, ಮದುವೆಯಾದ ಮೇಲೆ ಆ ಮಾತೂ ಇರಲಿಲ್ಲ. ಎಲ್ಲ ಮರೆತಿರುತ್ತಾಳೆ, ನಾನೇ ಮೊದಲಿನಿಂದ ತಿದ್ದಬೇಕು ಎಂದು ಲೆಕ್ಕ ಹಾಕಿದ್ದೆ.

ದುರಸ್ತಿಯ ಹೆಸರು ಹೇಳಿ ಪಿಯಾನೊವನ್ನು ಮಿಲ್ಲಿನ ಲಾರಿಯಲ್ಲಿ ಮನೆಗೆ ತರಿಸಿದೆ. ಅದು ಬಾಗಿಲಿನಲ್ಲಿ ಹಿಡಿಸಲಿಲ್ಲ. ನೇರವಾಗಿ ಬರಲಿಲ್ಲ, ಓರೆಯಾಗಿಯೂ ಬರಲಿಲ್ಲ. ಕೊನೆಗೆ ಬೀದಿಗೆ ಮುಖ ಮಾಡಿಕೊಂಡು ಜಗಲಿಯ ಮೇಲೆಯೇ ಕೂತಿತು. ಕಮಲಾ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುಚ್ಚಳ ಎತ್ತಿ ಒಂದೇ ಒಂದು ಸ್ವರದ ಮನೆ ಒತ್ತಿದಳು, ಆ ನಾದ ನಿಲ್ಲುವ ತನಕ ಹಾಗೆಯೇ ನಿಂತಿದ್ದಳು. ಅವಳ ಮುಖ ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಅದರ ಕೀರ್ತಿಯನ್ನೆಲ್ಲ ನಾನೇ ತೆಗೆದುಕೊಂಡೆ.

"ಏನ್ರೀ, ಈ ಹಾಳೇಲಿ ಎರಡು ಸಾಲೂ..." ಎಂದು ಶುರು ಮಾಡಿದಳು.

"ಗೊತ್ತು ಗೊತ್ತು. ಮೇಲಿಂದು ನಂದು, ಕೆಳಗಿಂದು ನಿಂದು."

"ಅದಲ್ಲ ಅಂದ್ರೆ. ಅದು ಎರಡು ಕೈಗೂ..."

"ನಿಂಗೆ ಒಂದು ಕೈ ಸಾಕು ಕಮಲಾ. ಇಷ್ಟು ವರ್ಷ ಆದ್ಮೇಲೆ ಕೂತಿದ್ದೀಯ, ಮೊದಲೇ ಭಾರ ಯಾಕೆ?" ಎಂದು ಉದಾರವಾಗಿ ಹೇಳಿ ಸ್ಯಾಕ್ಸಫೋನನ್ನು ಬಾಯಿಗಿಟ್ಟುಕೊಂಡೆ.

ಅದರಿಂದ ಬಂದ ಮೊದಲ ಸ್ವರವನ್ನು ವರ್ಣಿಸುವುದು ನನ್ನಿಂದಾಗದು. ಸ್ವಲ್ಪ ಹೊತ್ತಿಗೆ ಎದುರು ಮನೆಯ ನಾಚಿಯಮ್ಮ ಕೈಯಲ್ಲಿ ಒಂದು ಚೊಂಬು ಹಿಡಿದು ಬಂದು ನಿಂತರು. "ಎರುಮೆ ಕನ್ನು ಪೋಟ್ಟುಚ್ಚುಂಗಳಾ?" ಎಂದು ಕೇಳಿದರು. ನಮ್ಮ ಎಮ್ಮೆ ಕರು ಹಾಕಿತೆಂದುಕೊಂಡು ಗಿಣ್ಣು ಹಾಲು ಕೇಳಲು ಬಂದಿದ್ದರು. ನಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ ಎಂದೆ. ಕಮಲಾ ನನ್ನ ಕಡೆ ನೋಡಿ, ಅವರ ಚೊಂಬಿಗೆ ಮಜ್ಜಿಗೆ ತುಂಬಿ ಕಳಿಸಿದಳು.

ಹೀಗೆ ದಿನಾ ಸಂಜೆ ಅಭ್ಯಾಸ ನಡೆಯಿತು. ಎಡಗೈಯಲ್ಲಿ ಕಮಲಾ ಕೆಳಗಿನ ಸಾಲು ನುಡಿಸುವಳು. ಡುಂ, ಡುಂ ಡುಂ. ಡುಂ, ಡುಂ ಡುಂ. ಬಲಗೈಗೆ ಕೆಲಸವಿಲ್ಲವಾದ್ದರಿಂದ ಪಿಯಾನೊದ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುವಳು. ಕಲ್ಲು ಸಿಕ್ಕಾಗ ಬೀದಿಗೆ ಎಸೆಯುವಳು, ತಾಳ ಮಾತ್ರ ತಪ್ಪುತ್ತಿರಲಿಲ್ಲ.

ಇದನ್ನು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ. "ಏನೋ ವ್ಯಾಸು, ವಿದ್ಯೆ ಅಂದ್ರೆ ಸರಸ್ವತಿ. ಅದನ್ನ ಎಡಗೈಲಿ ಮುಟ್ಟೋದಾ? ಮನೆಗೆ ಆಗಿ ಬರತ್ತಾ?"

"ಅಮ್ಮ, ಅವಳ ಸಾಲು ಎಡಗಡೆ ಇರೋದಮ್ಮ."

"ಬಲಗೈಗೂ ಏನಾದ್ರೂ ಕೊಡೋ ಪಾಪ. ಎಷ್ಟು ಅಕ್ಕಿ ಅಂತ ಆರಿಸ್ತಾಳೆ?"

ಕಮಲಾ ಇದೇ ಸಮಯವೆಂದು ಬಾಯಿ ತೆರೆದಳು. "ಅತ್ತೆ, ಅದನ್ನೇ ನಾನೂ ಹೇಳಕ್ಕೆ..." ಅಷ್ಟರಲ್ಲಿ ನನ್ನ ಸಾಲು ಬಂದಿತ್ತು. ನಾನು ಊದಿದೆ.

ಎಮ್ಮೆಯ ದನಿ ಕ್ರಮೇಣ ಹೋಯಿತು, ಹಾಡಿನ ದನಿ ಬಂತು. ಈ ಮಾತನ್ನು ನಾಚಿಯಮ್ಮನೂ ಒಪ್ಪುತ್ತಾರೆ. ಆದರೆ ನನ್ನ ಸಾಲು ಬೇರೆಯಾಗಿ ಚೆನ್ನಾಗಿತ್ತು, ಅವಳ ಸಾಲು ಬೇರೆಯಾಗಿ ಚೆನ್ನಾಗಿತ್ತು, ಎರಡು ಸೇರಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಗಂಡ ಹೆಂಡಿರಲ್ಲಿ ಭಿನ್ನಾಭಿಪ್ರಾಯ ಎಲ್ಲ ಮನೆಯಲ್ಲೂ ಇರುತ್ತದೆ. ನಮ್ಮದು ಬೀದಿಯ ಆ ತುದಿಗೂ ಕೇಳಿಸುತ್ತಿತ್ತು.

"ನಿಮ್ಮ ಸ ಎಲ್ಲೋ ಇದೆ, ನನ್ನ ಸ ಎಲ್ಲೋ ಇದೆ" ಎಂದಳು ಕಮಲಾ. "ಶ್ರುತಿನೇ ಸೇರ್ತಿಲ್ಲ."

"ನಾನು ಹಾಳೇಲಿ ಇರೋ ಹಾಗೇ ಊದ್ತಿದ್ದೀನಿ."

"ನಾನೂ ಹಾಳೇಲಿ ಇರೋ ಹಾಗೇ ನುಡಿಸ್ತಿದ್ದೀನಿ."

"ಹಾಗಾದ್ರೆ ಪಿಯಾನೊ ಕೆಟ್ಟಿದೆ" ಎಂದು ತೀರ್ಪು ಕೊಟ್ಟೆ. ಊಟಿಯಿಂದ ಪಿಯಾನೊ ಶ್ರುತಿ ಮಾಡುವವರನ್ನು ಕರೆಸಿದೆ. ಅವರು ಇಡೀ ಬೆಳಿಗ್ಗೆ ತಂತಿಗಳನ್ನು ಬಿಗಿದು, ಇನ್ನು ಇದರಲ್ಲಿ ದೋಷವಿಲ್ಲವೆಂದು ಹೇಳಿ ಹೋದರು. ಸಂಜೆ ನೋಡಿದರೆ ಹಲ್ಲು ಇನ್ನೂ ಜೋರಾಗಿ ಜುಮ್ಮೆಂದಿತು. ಕ್ಲಬ್ಬಿನ ದೊಡ್ಡ ಹಾಲಿನಲ್ಲಿ ಎಲ್ಲ ಸರಿಹೋಗುತ್ತದೆ ಎಂದೆ. ಕಮಲಾ ಮೊರ ಕೆಳಗಿಟ್ಟು, "ಶರಿ, ಅಪ್ಪುರಂ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ" ಎಂದಳು.

ಬೀಳ್ಕೊಡುಗೆಯ ಸಂಜೆ ಬಂತು. ಪಿಯಾನೊ ಲಾರಿಯಲ್ಲಿ ಮುಂದೆ ಹೋಯಿತು. ಅಮ್ಮ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಜನರಲ್ ಮ್ಯಾನೇಜರರೂ ಅವರ ಹೆಂಡತಿಯೂ ಆಗಲೇ ಕೈ ಕೈ ಹಿಡಿದು ಸಿದ್ಧರಾಗಿದ್ದರು. ಲಿಂಗಸಾಮಿ ತನ್ನ ಹಾಡು ಮುಗಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಎರಡನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇವತ್ತು ಇವನೆದುರು ಮಾನ ಹೋದರೆ ನಾಳೆಯಿಂದ ಕ್ಯಾಂಟೀನಿನಲ್ಲಿ ಕಾಫಿ ಇಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಮಲಾ ಶುರು ಮಾಡಿದಳು. ಡುಂ, ಡುಂ ಡುಂ. ನಾನು ಸಿರುವಾಣಿಯನ್ನೆಲ್ಲ ಎದೆಯಲ್ಲಿ ತುಂಬಿಕೊಂಡು ಊದಿದೆ. ದೊಡ್ಡ ಹಾಲಿನಲ್ಲಿ ಏನೂ ಸರಿಹೋಗಲಿಲ್ಲ. ಎಲ್ಲವೂ ದೊಡ್ಡದಾಗಿ ಕೇಳಿಸಿತು, ಅಷ್ಟೇ. ಜನರಲ್ ಮ್ಯಾನೇಜರರ ಹೆಂಡತಿ ಮೆಲ್ಲಗೆ ಗಂಡನ ಕೈ ಬಿಟ್ಟರು.

ಅಷ್ಟರಲ್ಲಿ, ಕಲಾವಿದರಿಗೆ ಸೆಕೆಯಾಗಬಾರದೆಂದು ಇಟ್ಟಿದ್ದ ಟೇಬಲ್ ಫ್ಯಾನು ನಮ್ಮ ಕಡೆ ತಿರುಗಿತು. ಹಾಳೆಗಳೆಲ್ಲ ಹಾರಿ ಪಿಯಾನೊದ ಕೆಳಗೆ ಹೋದವು. ನಾನೂ ಅವುಗಳ ಹಿಂದೆ ಹೋದೆ. ಕೊರಳಲ್ಲಿದ್ದ ಸ್ಯಾಕ್ಸಫೋನು ಪಿಯಾನೊದ ಕಾಲಿಗೆ ಸಿಕ್ಕಿಕೊಂಡು, ಹಿಂದಕ್ಕೂ ಬರಲಾರದೆ ಮುಂದಕ್ಕೂ ಹೋಗಲಾರದೆ ಮಂಡಿಯೂರಿ ಉಳಿದೆ. ಮೇಲೆ ಬರೀ ಡುಂ, ಡುಂ ಡುಂ ನಡೆಯುತ್ತಿತ್ತು. ಆಗ ಮೊದಲ ಸಾಲಿನಿಂದ ಅಮ್ಮನ ದನಿ ಕೇಳಿಸಿತು.

"ಕಮಲಾ, ಸಭೇಲಿ ಒಂದು ಕೈಲಿ ಏನಮ್ಮ? ಎರಡು ಕೈಲೂ ನುಡಿಸು, ಮಧ್ಯಾಹ್ನ ನುಡಿಸೋ ಹಾಗೆ."

ಮಧ್ಯಾಹ್ನ? ಯಾವ ಮಧ್ಯಾಹ್ನ? ನಾನು ಮಿಲ್ಲಿನಲ್ಲಿರುವಾಗ ನಮ್ಮ ಜಗಲಿಯಲ್ಲಿ ಏನು ನಡೆಯುತ್ತಿತ್ತು? ಈ ಪ್ರಶ್ನೆ ಕೇಳಲು ಪಿಯಾನೊದ ಕೆಳಗೆ ಯಾರೂ ಇರಲಿಲ್ಲ. ಅತ್ತೆಯ ಮಾತನ್ನು ಸೊಸೆ ಕೂಡಲೇ ನಡೆಸಿಕೊಟ್ಟಳು. ಬಲಗೈ ಬಂತು. ನನ್ನದು ಎಂದು ನಾನು ಇಟ್ಟುಕೊಂಡಿದ್ದ ಮೇಲಿನ ಸಾಲು, ತನ್ನ ಮನೆಗೆ ತಾನು ಹೋಗುವ ಹಾಗೆ ಕೆಳಗಿನ ಸಾಲಿನ ಜೊತೆ ಹೋಗಿ ಕೂತಿತು. ಎರಡು ಸಾಲೂ ಪಿಯಾನೊದವು, ಒಂದು ಎಡಗೈಗೆ, ಒಂದು ಬಲಗೈಗೆ! ಅದು ತಲೆಗೆ ಹತ್ತುವಾಗ ನನ್ನ ತಲೆ ಅವಳ ಕಾಲಿನ ಹತ್ತಿರ ಇತ್ತು.

ಹೇಗೋ ಬಿಡಿಸಿಕೊಂಡು ಎದ್ದು ಹಾಳೆಗಳನ್ನು ಅವಳ ಮುಂದೆ ಇಟ್ಟೆ. ಇನ್ನು ವೇದಿಕೆಯ ಮೇಲೆ ನಾನೇನು ಮಾಡಲಿ? ಅವಳು ನನ್ನ ಕಡೆ ನೋಡಿ, ತಿರುಗಿಸಿ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಹಾಳೆ ತಿರುಗಿಸಿದೆ. ಮತ್ತೆ ಅಲ್ಲಾಡಿಸಿದಳು, ಮತ್ತೆ ತಿರುಗಿಸಿದೆ. ಹತ್ತಿರ ನಿಂತು ನೋಡಿದಾಗ ಗೊತ್ತಾಯಿತು, ಅವಳ ಕಣ್ಣು ಹಾಳೆಯ ಮೇಲೆ ಇರಲೇ ಇಲ್ಲ. ಅವಳಿಗೆ ಹಾಳೆ ಬೇಕಾಗಿರಲಿಲ್ಲ. ನನಗೊಂದು ಕೆಲಸ ಬೇಕಾಗಿತ್ತು.

ಜನರಲ್ ಮ್ಯಾನೇಜರರ ಹೆಂಡತಿ ಕಣ್ಣು ಒರೆಸಿಕೊಂಡರು, ಮತ್ತೆ ಗಂಡನ ಕೈ ಹಿಡಿದರು. ಹಾಲೆಲ್ಲ ಎದ್ದು ನಿಂತಿತು. ಲಿಂಗಸಾಮಿ ನೇರವಾಗಿ ನನ್ನ ಹತ್ತಿರ ಬಂದು ಕೈ ಕುಲುಕಿ, "ಇಷ್ಟು ಚೆನ್ನಾಗಿ ಹಾಳೆ ತಿರುಗಿಸೋರನ್ನ ನಾನು ನೋಡೇ ಇಲ್ಲ ಸಾರ್" ಎಂದು ತಮಿಳಿನಲ್ಲಿ ಹೇಳಿದ. ನನಗೆ ಕೋಪ ಬರಬೇಕಾಗಿತ್ತು. ಕಮಲಾಳ ಮುಖ ನೋಡುತ್ತಿದ್ದೆನಾದ್ದರಿಂದ ಬರಲಿಲ್ಲ.

ಮರುದಿನ ಊಟಕ್ಕೆ ಕೂತಾಗ, "ಮೊದಲೇ ಹೇಳಬಾರದಿತ್ತಾ?" ಎಂದು ಕೇಳಿದೆ.

"ನಾನು ಬಾಯಿ ತೆಗೆದಾಗೆಲ್ಲ ನೀವು ಅದನ್ನ ಬಾಯಿಗಿಟ್ಕೊಂಡ್ರಿ" ಎಂದಳು.

ಆ ಹೊತ್ತಿಗೆ ಅಮ್ಮ ಮೊಸರನ್ನಕ್ಕೆಂದು ಉಪ್ಪಿನಕಾಯಿ ಜಾಡಿಯ ಬಾಯಿ ಬಿಚ್ಚಿದರು. ಕಮಲಾ ಆ ಕಾಗದವನ್ನು ಈಸಿಕೊಂಡು ಬೆಳಕಿಗೆ ಹಿಡಿದಳು. ಮೂಲೆಯ ಸಣ್ಣ ಅಕ್ಷರ ಓದಿದಳು. ಆಮೇಲೆ ಅವಳು ನಕ್ಕದ್ದು ನಾಚಿಯಮ್ಮನ ಮನೆಗೂ ಕೇಳಿಸಿರಬೇಕು.

"ಸ್ಯಾಕ್ಸಫೋನ್ ಅಂತ ಬರೆದಿದೆ ರೀ. ಆ ವಾದ್ಯದ ಸ ಬೇರೆ ಜಾಗದಲ್ಲಿ ಬೀಳತ್ತೆ, ಅದಕ್ಕೇ ಅದಕ್ಕೆ ಬೇರೆ ಹಾಳೆ ಬರೀತಾರೆ. ನಿಮ್ಮ ಪಾಲು ಇಲ್ಲಿದೆ ನೋಡಿ, ನಿಂಬೆಕಾಯಿ ಮೇಲೆ."

ಜನರಲ್ ಮ್ಯಾನೇಜರರು ಹೋಗುವ ಮುಂಚೆ ಕೊನೆಯದಾಗಿ ಒಂದು ಅಪ್ಪಣೆ ಕೊಟ್ಟರು. ಪಿಯಾನೊ ಮತ್ತೆ ದುರಸ್ತಿಗಾಗಿ ನಮ್ಮ ಜಗಲಿಗೆ ಬಂತು. ದುರಸ್ತಿ ಇನ್ನೂ ಮುಗಿದಿಲ್ಲ, ನಾನು ಸ್ಟೋರ್ಸಿನಲ್ಲಿರುವ ತನಕ ಮುಗಿಯುವುದೂ ಇಲ್ಲ. ಈಗ ದಿನಾ ಸಂಜೆ ಕಮಲಾ ಎರಡು ಕೈಯಲ್ಲೂ ನುಡಿಸುತ್ತಾಳೆ, ಅಕ್ಕಿಯನ್ನು ನಾನು ಆರಿಸುತ್ತೇನೆ. ಅದು ಮುಗಿದ ಮೇಲೆ ನನ್ನ ಸ್ವಂತ ಹಾಳೆ ಇಟ್ಟುಕೊಂಡು ಅವಳ ಜೊತೆ ಊದುತ್ತೇನೆ. ಶ್ರುತಿ ಸೇರುತ್ತದೆ, ಹಲ್ಲು ಜುಮ್ಮೆನ್ನುವುದಿಲ್ಲ. ಆದರೆ ಹಾಳೆಯ ನಡುವೆ ಜಾಡಿಯ ಬಾಯಿಯಷ್ಟು ಅಗಲಕ್ಕೆ ಉಪ್ಪಿನಕಾಯಿಯ ಎಣ್ಣೆ ಇಳಿದು ಸ್ವರಗಳು ಕಾಣುವುದಿಲ್ಲ. ಆ ಜಾಗ ಬಂದಾಗ ನಾನು ಊದುವುದನ್ನು ನಿಲ್ಲಿಸಿ ಸುಮ್ಮನಿರುತ್ತೇನೆ.

ಇಡೀ ಹಾಡಿನಲ್ಲಿ ನಾನು ಚೆನ್ನಾಗಿ ನುಡಿಸುವುದು ಅದೊಂದು ಭಾಗವನ್ನೇ ಎಂದು ಅಮ್ಮ ಹೇಳುತ್ತಾರೆ.