ಸಾಕ್ಸಿನಲ್ಲಿ ಬಂದ ಮರಳು

ಉಡುಪಿ ಬಿಟ್ಟು ಇಪ್ಪತ್ತು ವರ್ಷವಾದರೂ ಅಲ್ಲಿನ ಅಭ್ಯಾಸಗಳು ನನ್ನನ್ನು ಬಿಟ್ಟಿಲ್ಲ. ಹಾಗಾಗಿ ಹೋದಲ್ಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಈ ಸಲದ್ದು ನೆನೆದರೆ ಮಾತ್ರ ನಗುವಿನ ಜೊತೆ ಅಳುವೂ ಬರುತ್ತದೆ.

೧. ಒಂದು ಚಮಚ

ಲಂಡನ್ನಿನ ಎಜ್‌ವೇರಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿ ತೊಂಬತ್ತರ ಹತ್ತಿರದ ಯಹೂದಿ ಅಜ್ಜಿ ಇದ್ದಾರೆ. ಹುಟ್ಟಿದ್ದು ಕೆರಿಬಿಯನ್ ದ್ವೀಪವೊಂದರಲ್ಲಿ. ನಾನೂ ಹೆಂಡತಿಯೂ ರಜೆಗೆ ಅಲ್ಲಿಗೇ ಹೊರಟಿದ್ದೇವೆಂದು ತಿಳಿದು ಬೇಲಿಯ ಹತ್ತಿರ ಕರೆದರು.

"ಅಲ್ಲಿ ನಮ್ಮ ಹಳೇ ಸಿನಗಾಗ್ ಇದೆ, ನಾವೆಲ್ಲ ಪ್ರಾರ್ಥನೆಗೆ ಹೋಗ್ತಿದ್ದ ಜಾಗ. ನೆಲದ ತುಂಬ ಮರಳು. ಸಾಯೋ ಮೊದಲು ಒಮ್ಮೆ ಅದನ್ನ ಕಾಲಲ್ಲಿ ಮುಟ್ಟಬೇಕು. ಡಾಕ್ಟರು ವಿಮಾನ ಹತ್ತಬೇಡ ಅಂತಾರೆ. ಒಂದು ಚಮಚ ತಂದುಕೊಡ್ತೀಯಾ?"

ಖಂಡಿತ ಎಂದೆ. ಚಮಚವನ್ನೂ ಅವರೇ ಕೊಟ್ಟರು. "ಇದನ್ನೂ ಮರೀದೆ ವಾಪಸ್ ತಾ. ಆರರ ಸೆಟ್ಟು."

೨. ಬಿಚ್ಚುವುದೋ, ಹಾಕುವುದೋ

ಸಿನಗಾಗಿನ ಬಾಗಿಲಲ್ಲಿ ಶೂ ಬಿಟ್ಟೆ. ನಮ್ಮೂರ ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗುವುದು. ಕೈ ತಾನಾಗಿ ಬಟನ್ನಿಗೆ ಹೋಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಅಲ್ಲಿನ ಮೇಲ್ವಿಚಾರಕ ಓಡಿಬಂದ.

"ಸೆಕೆ ನಮಗೂ ಆಗುತ್ತೆ ಸರ್. ಆದರೆ ಇಲ್ಲಿ ಬಿಚ್ಚೋದಿಲ್ಲ, ಹಾಕ್ಕೊಳ್ಳೋದು" ಎಂದು ನನ್ನ ತಲೆಗೊಂದು ಪುಟ್ಟ ಟೋಪಿ ಇಟ್ಟ.

ಒಳಗೆ ಮರದ ಬೆಂಚು, ಹಿತ್ತಾಳೆ ದೀಪ, ಕಾಲಡಿ ಬಿಳಿ ಮರಳು. ಎಂದೋ ತಮ್ಮ ಧರ್ಮಕ್ಕೆ ನಿಷೇಧವಿದ್ದಾಗ ಕದ್ದುಮುಚ್ಚಿ ಪ್ರಾರ್ಥಿಸಬೇಕಾಗಿದ್ದ ಹಿರಿಯರು ಹೆಜ್ಜೆಸಪ್ಪಳ ಕೇಳದಿರಲೆಂದು ಮರಳು ಹಾಸುತ್ತಿದ್ದರಂತೆ. ಸಾಕ್ಸಿನಲ್ಲೇ ನಡೆದೆ. ಅಪ್ಪನ ಕೈ ಹಿಡಿದು ಮಲ್ಪೆಯ ದಂಡೆಯಲ್ಲಿ ನಡೆದದ್ದು ನೆನಪಾಗಿ ಮನಸ್ಸು ತುಂಬಿಬಂತು. ಮೆಲ್ಲನೆ ಚಮಚ ತೆಗೆದೆ.

"ಬೇಡ ಸರ್" ಎಂದ ಮೇಲ್ವಿಚಾರಕ. "ಬಂದವರೆಲ್ಲ ಒಂದೊಂದು ಚಮಚ ಒಯ್ದರೆ ನಾವು ಹೊಂಡದಲ್ಲಿ ಕೂತು ಪ್ರಾರ್ಥಿಸಬೇಕಾಗುತ್ತೆ."

೩. ಮೂರು ಗಂಟು

ಅಜ್ಜಿಗೆ ಏನು ಹೇಳಲಿ ಎಂದು ಚಿಂತಿಸುತ್ತಲೇ ಹೋಟೆಲಿಗೆ ಬಂದು ಶೂ ಕಳಚಿದೆ. ಲಂಡನ್ನಿನ ಉಣ್ಣೆ ಸಾಕ್ಸು, ಮೈತುಂಬ ಮರಳು!

"ಎಂತ ಮಾರಾಯ್ರೆ, ಇದು ಸಾಕ್ಸಾ, ಬೀಚಾ?" ಎಂದು ಹೆಂಡತಿ ಕೊಡವಲು ಎತ್ತಿದಳು.

"ಕೊಡವಬೇಡ!" ಎಂದು ಕಿತ್ತುಕೊಂಡು ಕವರಿಗೆ ಹಾಕಿ ಮೂರು ಗಂಟು ಬಿಗಿದೆ. ಕದ್ದದ್ದಲ್ಲ, ಅಂಟಿ ಬಂದದ್ದು ಎಂದು ಸಮಾಧಾನ ಮಾಡಿಕೊಂಡೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಕವರು ಎತ್ತಿ ಹಿಡಿದ. "ಏನಿದು?"

"ಸಾಕ್ಸು."

"ಒಗೆದದ್ದಾ?"

"ಒಗೀಬಾರದು, ಪವಿತ್ರ."

ಗಂಟು ಬಿಚ್ಚಿ ಮೂಗಿನ ಹತ್ತಿರ ತಂದವನು, ನಾಲ್ಕು ಗಂಟು ಹಾಕಿ ವಾಪಸ್ ಕೊಟ್ಟ.

೪. ಗಾಜಿನ ಬೀರು

ಅಜ್ಜಿಯ ಅಡುಗೆಮನೆಯ ನೆಲದ ಮೇಲೆ ಸಾಕ್ಸು ಕೊಡವಿದೆ. ಒಂದೂವರೆ ಚಮಚವಾದೀತು. ನಾಚಿಕೆಯಿಂದ "ಕ್ಷಮಿಸಿ, ನನ್ನ ಕಾಲಿನದು" ಎಂದೆ. ಅವರು ಚಪ್ಪಲಿ ಬಿಟ್ಟು ಮರಳಿನ ಮೇಲೆ ಪಾದ ಇಟ್ಟರು.

"ಪ್ರಾರ್ಥನೆ ಉದ್ದ ಆದಾಗ ಅಮ್ಮನ ಕಾಲ ಮೇಲೆ ಮರಳು ಸುರೀತಿದ್ದೆ" ಎಂದು ಅತ್ತುಬಿಟ್ಟರು. ನಾನೂ ಅತ್ತೆ. "ಅಲ್ಲೇ ಬಿಡು, ಬೆಳಿಗ್ಗೆ ಇನ್ನೊಮ್ಮೆ ಮುಟ್ತೀನಿ" ಎಂದರು.

ಬೆಳಿಗ್ಗೆ ಅವರದೇ ಫೋನು. ಮನೆಗೆಲಸಕ್ಕೆ ಬರುವಾಕೆ ನೆಲ ಗಲೀಜಾಗಿದೆಯೆಂದು ವ್ಯಾಕ್ಯೂಮ್ ಹೊಡೆದುಬಿಟ್ಟಿದ್ದಳು! ಇದ್ದ ಹಾಗೇ ಓಡಿದೆ. ಅಜ್ಜಿ ವ್ಯಾಕ್ಯೂಮಿನ ಧೂಳಿನ ಚೀಲವನ್ನು ಎದೆಗವಚಿಕೊಂಡು ಕೂತಿದ್ದರು.

"ಗಾಬರಿಯಾಗ್ಬೇಡ, ಎಲ್ಲ ಇದರೊಳಗೇ ಇದೆ."

ಆ ಚೀಲ ಈಗ ಗಾಜಿನ ಬೀರುವಿನಲ್ಲಿ, ಎರಡು ಬೆಳ್ಳಿ ದೀಪಗಳ ನಡುವೆ ಕೂತಿದೆ. ಬಂದವರು ಏನಿದು ಎಂದರೆ ಅಜ್ಜಿ ಗಂಭೀರವಾಗಿ ಹೇಳುತ್ತಾರೆ: "ಮರಳು ನಮ್ಮ ಸಿನಗಾಗಿನದು. ವಾಸನೆ ಮಾತ್ರ ಪಕ್ಕದ ಮನೆಯವರದು."