ದೆವ್ವದ ವಿರುದ್ಧ ನನ್ನ ಆಕ್ಷೇಪಣೆ

ಗೆದ್ದ ಮೇಲೆ ಏನು ಮಾಡಬೇಕು ಎಂಬುದನ್ನು ನನಗೆ ಯಾವ ಚರ್ಚಾಸ್ಪರ್ಧೆಯಲ್ಲೂ ಕಲಿಸಲಿಲ್ಲ. ಅಲ್ಲಿ ಹೊತ್ತು ಮುಗಿದರೆ ಗಂಟೆ ಹೊಡೆಯುತ್ತಾರೆ, ಗೆದ್ದವನಿಗೆ ಕಪ್ ಕೊಡುತ್ತಾರೆ, ಸೋತವನು ಕೈಕುಲುಕಿ ಮಿರ್ಚಿ ಬಜ್ಜಿ ತಿನ್ನಲು ಹೋಗುತ್ತಾನೆ. ಮನೆಯಲ್ಲಿ ಹಾಗಲ್ಲ. ಆಸ್ಪರಿ ಊರಿಗೆ ಮದುವೆ ಮಾಡಿಕೊಟ್ಟಿದ್ದ ನಮ್ಮಕ್ಕ ಗಂಡನನ್ನು ಬಿಟ್ಟು ನಮ್ಮೂರು ಆದವಾನಿಗೆ ಮರಳಿ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಾಗ, ಅವಳ ದುಃಖವನ್ನು ನಾನು ಹಂತಹಂತವಾಗಿ ಖಂಡಿಸಿದೆ. ಆ ಮನುಷ್ಯ ಯೋಗ್ಯನಲ್ಲ. ಯೋಗ್ಯವಲ್ಲದ್ದು ಹೋದರೆ ನಷ್ಟವಿಲ್ಲ. ನಷ್ಟವಿಲ್ಲದ ಕಡೆ ಅಳು ಅಸಂಗತ. ಅಕ್ಕ ಪೂರ್ತಿ ಕೇಳಿ, ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಮೌನವನ್ನು ಸಮ್ಮತಿ ಎಂದೇ ಹಿಡಿದೆ. ಅವಳನ್ನು ಉರುಕುಂದದ ಈರಣ್ಣಸ್ವಾಮಿಯ ಗುಡಿಗೆ ಕರೆದೊಯ್ಯೋಣ ಎಂದ ಅಮ್ಮನನ್ನೂ ಅದೇ ಮಧ್ಯಾಹ್ನ ಸೋಲಿಸಿದೆ.

"ಆತು, ನೀನ ಗೆದ್ದಿ," ಎಂದಳು ಅಮ್ಮ, ರೊಟ್ಟಿ ಬಡಿಯುತ್ತ. "ಈಗ ಆ ಗೆದ್ದ ಮಾತಿಂದ ಆಕಿಗೆ ಒಂದು ತುತ್ತು ಉಣಿಸು, ನೋಡೋಣು."

ಪ್ರಶ್ನೆ ವಿಷಯಕ್ಕೆ ಹೊರತಾದದ್ದು ಎಂದು ತೀರ್ಪು ಕೊಟ್ಟು ಎದ್ದುಬಂದೆ. ಅಕ್ಕ ಅವತ್ತೂ ಉಣ್ಣಲಿಲ್ಲ.

ಭಾನುವಾರ ನಾನು ತಪ್ಪಿಸಿಕೊಂಡು ಹೋಗುವುದು ಗೆಳೆಯ ಮೌಲಾ ಇಟ್ಟಿರುವ ಮೊಬೈಲ್ ರಿಪೇರಿ ಅಂಗಡಿಗೆ. ಷಟರ್ ಅರ್ಧ ಎಳೆದು, ಬಿಚ್ಚಿಟ್ಟ ಫೋನುಗಳನ್ನು ಪಕ್ಕಕ್ಕೆ ಸರಿಸಿ, ನಾವು ಮೂವರು ದಾಳದ ಆಟವೊಂದನ್ನು ಆಡುತ್ತೇವೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಬದುಕುತ್ತಾರೆ. ನಾವು ಮಾಡಹೊರಟದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವನು ಮೌಲಾ. ನಮ್ಮಲ್ಲಿ ಮೂರನೆಯವನು, ಹತ್ತಿ ವ್ಯಾಪಾರಿಯ ಮಗ ವೀರೇಶ, ಆಟದಲ್ಲಿ ಕತ್ತಿ ಹಿಡಿದವನು. ನಾನು ತರ್ಕಪಂಡಿತ. ಪಾತ್ರ ಕಟ್ಟುವಾಗ ಕೊಟ್ಟ ಬಲವನ್ನು ದೇಹ, ಮನಸ್ಸು, ಆತ್ಮಗಳಿಗೆ ಹಂಚಬೇಕು. ಆತ್ಮಕ್ಕೆ ಪುರಾವೆ ಇಲ್ಲವಾದ್ದರಿಂದ ನಾನು ಎಲ್ಲವನ್ನೂ ಮನಸ್ಸಿಗೇ ಸುರಿದೆ. ಮನಸ್ಸಿನ ಕಾಳಗದಲ್ಲಿ ಗೆದ್ದವನು ಸೋತವನಿಂದ ಒಂದು ಸರದಿ ಬೇಕಾದ್ದನ್ನು ಮಾಡಿಸಬಹುದು. ಒಬ್ಬ ರಾಕ್ಷಸನ ತಲೆಯ ಮೇಲೆ ನಮ್ಮ ಗಂಟುಮೂಟೆ ಹೊರಿಸಿದವನು ನಾನು.

ಕಳೆದ ಭಾನುವಾರ ಪಾಳುಬಾವಿಯಿಂದ ದೆವ್ವ ಎದ್ದಿತು. ಅದು ಮಾಡುವುದು ಆತ್ಮದ ಕಾಳಗ. ಅಲ್ಲಿ ಬುದ್ಧಿ ಲೆಕ್ಕಕ್ಕಿಲ್ಲ. ತಕ್ಷಣ ಆಕ್ಷೇಪಿಸಿದೆ: ನನ್ನ ಪಾತ್ರ ದೆವ್ವವನ್ನು ನಂಬುವುದಿಲ್ಲ, ಆದ್ದರಿಂದ ದಾಳಿ ಅಸಿಂಧು.

"ನೀ ನಂಬಬ್ಯಾಡ ಭಾಯ್," ಎಂದ ಮೌಲಾ. "ಅದು ನಿನ್ನ ನಂಬೈತಿ. ದಾಳ ಹಾಕು."

"ಮೊದಲು ಅದು ಐತಿ ಅಂತ ಸಾಬೀತು ಮಾಡು."

"ಬಾವಿ ಬಾಯಾಗ ಕುಂತು ಪಾಯಿಂಟ್ ಹೇಳ್ತಾನ ನೋಡು ಇವ!" ಎಂದ ವೀರೇಶ. "ದಾಳ ಹಾಕಲೇ!"

ಹಾಕಿದೆ, ಸೋತೆ. ನನ್ನ ಪಂಡಿತ ಖಾಲಿಯಾದ. ಸತ್ತಿಲ್ಲ, ಬಾವಿಕಟ್ಟೆಯ ಮೇಲೆ ಕೂತಿದ್ದಾನೆ, ಮಾತಿಲ್ಲ, ಊಟವಿಲ್ಲ, ಕರೆದರೆ ತಿರುಗುವುದಿಲ್ಲ. ಇದಕ್ಕೆ ಮದ್ದು, ಮಂತ್ರ, ಬುದ್ಧಿವಾದ ಯಾವುದೂ ನಡೆಯದು ಎಂದು ಮೌಲಾ ನಿಯಮ ಓದಿದ. ಜೊತೆಗಾರನೊಬ್ಬ ತನ್ನ ಸರದಿ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂರಬೇಕು. ಕೂತವನು ಬಾಯಿ ತೆರೆದರೆ ಆ ಸರದಿ ವ್ಯರ್ಥ. ಆಮೇಲೆ ದಾಳ. ಅದು ಒಲಿಯದಿದ್ದರೆ ಇನ್ನೊಂದು ಸರದಿ.

"ಎಷ್ಟು ಸಲ?" ಎಂದೆ.

"ಒಲಿಯೋತನಕ."

ಕಥೆಯಲ್ಲಿ ನಿಧಿಯ ಬಾಗಿಲು ವೀರೇಶನ ಎದುರಿಗೇ ತೆರೆದಿತ್ತು, ಇನ್ನೇನು ಮುಚ್ಚಲಿತ್ತು. "ಇಂಥ ಬಾಯಿಬಡಕನ ಬಾಜೂಕ ಸುಮ್ನ ಕುಂದ್ರೋ ಹಣೆಬರ ನಂದು," ಎಂದು ಬೈದು, ಕೂತ. ದಾಳ ಒಲಿಯಲಿಲ್ಲ. ನಿಧಿ ಮುಚ್ಚಿತು. ವೀರೇಶ ಮತ್ತೆ ಕೂತ. ಈ ನಿಯಮ ಎಷ್ಟು ಅವೈಜ್ಞಾನಿಕ ಎಂದು ವಿವರಿಸಹೊರಟ ನನ್ನನ್ನು, ಖಾಲಿಯಾದವನಿಗೆ ಮಾತಿಲ್ಲ ಎಂದು ಮೌಲಾ ಗದರಿದ. ಅಂಗಡಿ ಮುಚ್ಚುವವರೆಗೂ ಪಂಡಿತ ಮೇಲೇಳಲಿಲ್ಲ.

ಆ ಸಂಜೆ ಮನೆಗೆ ಬಂದು ಅಕ್ಕನ ಕೋಣೆಯ ನೆಲದ ಮೇಲೆ ಕೂತೆ. ಇದು ಪ್ರಯೋಗ ಮಾತ್ರ. ನಂಬಿಕೆ ಎಂದು ಯಾರೂ ತಪ್ಪು ತಿಳಿಯಬಾರದು. ಗಂಟಲಲ್ಲಿ ಒಂದೊಂದೇ ವಾದ ಎದ್ದು ಬಂದು, ಹಲ್ಲಿಗೆ ತಾಗಿ ಹಿಂದಿರುಗುತ್ತಿತ್ತು. ತಟ್ಟೆಯಲ್ಲಿ ಮಧ್ಯಾಹ್ನದ ರೊಟ್ಟಿ ಸೆಟೆದುಕೊಂಡಿತ್ತು.

"ಏನ್ ಹೇಳಾಕ ಬಂದೀ?" ಅಕ್ಕ ಗೋಡೆಯನ್ನೇ ಕೇಳಿದಳು.

ಏನಿಲ್ಲವೆಂದು ತಲೆಯಾಡಿಸಿದೆ. ಬೆನ್ನಿಗೆ ಅದು ಕಾಣುವುದಿಲ್ಲವೆಂದು ಹೊಳೆದದ್ದು ಆಮೇಲೆ.

"ಹೇಳಿ ಮುಗಿಸಿ ಹೋಗಪ್ಪಾ."

ಹೇಳಲಿಲ್ಲ, ಹೋಗಲೂ ಇಲ್ಲ. ಅಮ್ಮ ಬಾಗಿಲಲ್ಲಿ ಇಣುಕಿ, "ಜ್ವರಗಿರ ಬಂದಾವೇನೋ ನಿನಗ?" ಎಂದಳು. ಅವಳಿಗೂ ತಲೆಯನ್ನಷ್ಟೇ ಆಡಿಸಿದೆ. ಬಹಳ ಹೊತ್ತಿನ ಮೇಲೆ ಅಕ್ಕ, ತಿರುಗದೆಯೇ, "ಕಿಡಕಿ ಹಾಕು. ಹೋಗಬ್ಯಾಡ," ಎಂದಳು.

ಆದವಾನಿಯ ಈ ಸೆಕೆಯಲ್ಲಿ ಕಿಟಕಿ ಮುಚ್ಚುವುದರ ವಿರುದ್ಧ ನನ್ನಲ್ಲಿ ಪ್ರಬಲ ವಾದಗಳಿದ್ದವು. ಮುಚ್ಚಿ ಬಂದು ಕೂತೆ.

ಅಂದಿನಿಂದ ದಿನಾ ಸಂಜೆ ಕೂರುತ್ತೇನೆ. ಕಾಲು ಜೋಮು ಹಿಡಿಯುತ್ತದೆ. ತಟ್ಟೆ ತುಂಬಿಯೇ ವಾಪಸ್ಸು ಹೋಗುತ್ತದೆ. ಈ ಪದ್ಧತಿಗೆ ಫಲವಿದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ ಎಂದು ನಾನೇ ಮೊದಲು ಒಪ್ಪಬೇಕು. ನಿನ್ನೆ ಹಾಗೆ ಕೂತಿದ್ದಾಗ, ಅಮ್ಮ ಪಡಸಾಲೆಯಲ್ಲಿ ಪಕ್ಕದ ಮನೆಯಾಕೆಗೆ ಹೇಳುತ್ತಿದ್ದದ್ದು ಕೇಳಿಸಿತು: "ಉರುಕುಂದಕ್ಕ ಹೋಗಾಕಾಗಲಿಲ್ಲ, ಮನ್ಯಾಗ ಕುಂತ ಈರಣ್ಣಸ್ವಾಮಿಗೆ ಬೇಡ್ಕೊಂಡೀನ್ರಿ. ಮಗಳದಿನ್ನೂ ಏನೂ ಆಗಿಲ್ಲ. ಮಗನ ಬಾಯಿ ಮಾತ್ರ ನಿಂತೈತಿ."

ಇದನ್ನು ಖಂಡಿಸಲು ನನ್ನ ಬಳಿ ಎಲ್ಲ ಆಧಾರಗಳೂ ಸಿದ್ಧವಿದ್ದವು. ಆದರೆ ಬಾಯಿ ತೆರೆದರೆ ಸರದಿ ಹೋಗುತ್ತದೆ.