ಮೂರನೇ ಗುಂಡಿಗಾಗಿ ಒಂದು ಬಿನ್ನಹ

ಆಸ್ಪತ್ರೆಯ ಸ್ವಯಂಚಾಲಿತ ಕರೆಯೊಳಗೆ ವಾಸವಾಗಿರುವ, ಎಂದೂ ಶೀತವಾಗದ, ಎಂದೂ ಉಸಿರು ಕಟ್ಟದ ಧ್ವನಿ ಮಹಾಶಯೆಯವರ ಸನ್ನಿಧಿಗೆ,

ಮಾನ್ಯರೇ,

ನಡು ಉಳುಕುವಷ್ಟು ಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಪ್ಪತ್ತೆಂಟು ದಾಟಿದ ನಮ್ಮ ಅಜ್ಜಿಗೆ ವಾರವಾರವೂ ಫೋನ್ ಮಾಡಿ, ಸ್ತನ ಕ್ಯಾನ್ಸರ್ ತಪಾಸಣೆಗೆ ಬರುವುದಾದರೆ ಒಂದು ಒತ್ತಿ, ನಾಳೆ ನೆನಪಿಸಬೇಕಾದರೆ ಎರಡು ಒತ್ತಿ ಎಂದು ಜೇನು ಸುರಿಸುವ ತಮ್ಮ ಕಾಳಜಿ ಕಂಡು ಹೆತ್ತ ಮಕ್ಕಳೂ ನಾಚಬೇಕು.

ಅವರು ನಾಚಲಿಲ್ಲ, ಸಭೆ ಸೇರಿದರು. "ಒಂದು ಫೋಟೋ ತೆಗೆಸಿದ್ರೆ ಯಾರಪ್ಪನ ಗಂಟು ಹೋಗುತ್ತೆ?" ಎಂದರು ದೊಡ್ಡಪ್ಪ. "ಈ ವಯಸ್ಸಲ್ಲಿ ಯಾಕೆ, ಇರಲಾರದೆ ಇರುವೆ ಬಿಟ್ಕೊಂಡ ಹಾಗೆ" ಎಂದರು ಅತ್ತೆ. ಹಳೇ ಫ್ರಿಜ್ಜನ್ನು ರಿಪೇರಿ ಮಾಡಿಸುವುದೋ ಮೂಲೆಗೆ ತಳ್ಳುವುದೋ ಎಂಬಂಥ ಈ ಘನ ಚರ್ಚೆ ನಡೆದದ್ದು ಅಜ್ಜಿಯ ಎದುರಿಗೇ, ಅವರೇ ಮಾಡಿಕೊಟ್ಟ ಚಹಾ ಹೀರುತ್ತ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಅಜ್ಜಿ, ತಮ್ಮದೊಂದು ಪ್ರಶ್ನೆಯಿದೆಯೆಂದು ಬೆರಳೆತ್ತಿದ್ದನ್ನು ಯಾರೂ ನೋಡಲಿಲ್ಲ.

ತಮ್ಮ ಮುಂದಿನ ಕರೆ ಬಂದಾಗ ಅಜ್ಜಿ ಆ ಪ್ರಶ್ನೆಯನ್ನು ತಮ್ಮ ಸನ್ನಿಧಿಯಲ್ಲೇ ಇಟ್ಟರು: "ನನ್ನ ಹೃದಯ ಆಪರೇಷನ್ ತಡೆಯೋಲ್ಲ ಅಂತ ನಿಮ್ಮವರೇ ಹೇಳಿದಾರೆ. ಏನಾದ್ರೂ ಕಂಡ್ರೆ ಆಮೇಲೆ ಏನು ಮಾಡ್ತೀರಮ್ಮ?" ಸ್ಥಿತಪ್ರಜ್ಞರಾದ ತಾವು "ಕ್ಷಮಿಸಿ, ತಪ್ಪು ಆಯ್ಕೆ" ಎಂದು ಅಪ್ಪಣೆ ಕೊಡಿಸಿದಿರಿ. ಆದ್ದರಿಂದ, "ಮೊದಲು ನನ್ನ ಮಾತು ಕೇಳಿ" ಎನ್ನಲು ಮೂರನೇ ಗುಂಡಿಯನ್ನೂ, "ಬೇಡ" ಎನ್ನಲು ನಾಲ್ಕನೆಯದನ್ನೂ, ಒತ್ತಿದೊಡನೆ ಬಂಧುಬಳಗದ ಬಾಯಿ ಬಂದ್ ಆಗುವ ಐದನೆಯದನ್ನೂ ದಯಪಾಲಿಸಬೇಕಾಗಿ ಪ್ರಾರ್ಥನೆ.

ಗುಂಡಿ ಬರುವವರೆಗೆ ಕಾಯುವ ವಯಸ್ಸಲ್ಲವೆಂದು ಅಜ್ಜಿ ನನ್ನೊಬ್ಬನನ್ನೇ ಕರೆದುಕೊಂಡು ಆಸ್ಪತ್ರೆಗೆ ನಡೆದರು. ಡಾಕ್ಟರು ವಾಡಿಕೆಯಂತೆ ನನ್ನತ್ತ ತಿರುಗಿ "ಅಜ್ಜಿಗೆ ಏನಾಗ್ಬೇಕಂತೆ?" ಎಂದಾಗ ನಾನು ಹುಟ್ಟುಕಿವುಡನ ಗಾಂಭೀರ್ಯದಿಂದ ಗೋಡೆಯ ಕ್ಯಾಲೆಂಡರನ್ನು ಅಧ್ಯಯನ ಮಾಡಿದೆ. ಪಾಪ, ಬೇರೆ ದಾರಿ ಕಾಣದೆ ಅವರು ಕುರ್ಚಿಯನ್ನು ಅಜ್ಜಿಯ ಕಡೆ ತಿರುಗಿಸಿದರು. ತಿರುಗಿಸಿದ ಮೇಲೆ ಚೆನ್ನಾಗಿಯೇ ಮಾತಾಡಿದರು. ತಪಾಸಣೆಯಲ್ಲಿ ಏನಾದರೂ ಕಂಡರೆ ಅದು ಜೀವಮಾನವಿಡೀ ತೊಂದರೆ ಕೊಡದೆಯೂ ಇರಬಹುದು, ಕೊಡಲೂಬಹುದು, ಮಾತ್ರೆಯಲ್ಲಿ ತಡೆಯಲೂ ಬರಬಹುದು, ಭರವಸೆ ಮಾತ್ರ ಕೊಡಲಾರೆ ಎಂದರು. ಅಜ್ಜಿ ಎಲ್ಲ ಕೇಳಿ, ಸದ್ಯಕ್ಕೆ ಬೇಡ, ಕೈಗೆ ಗಂಟೇನಾದರೂ ತಗುಲಿದರೆ ಅವತ್ತೇ ಬರುತ್ತೇನೆ ಎಂದು ಎದ್ದರು. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದು ನಿಂತು ಹೇಳಿದರು: "ಭಯ ಇಲ್ಲ ಅಂತಲ್ಲ ಕಣೋ. ಆದ್ರೆ ಭಯ ನಂದು ತಾನೆ? ನಾನೇ ನೋಡ್ಕೋತೀನಿ."

ಒಂದನ್ನೂ ಎರಡನ್ನೂ ಒತ್ತದೆ ಉಳಿದಿರುವ,
ತಮ್ಮ ವಿಶ್ವಾಸಿ,
ಅಜ್ಜಿಯ ತಾತ್ಕಾಲಿಕ ಕಿವುಡ ಮೊಮ್ಮಗ

ತಾ.ಕ.: ಇದನ್ನು ಬರೆಯುತ್ತಿರುವಾಗಲೇ ತಮ್ಮ ಕರೆ ಬಂತು. ಅಜ್ಜಿ ಎತ್ತಿಕೊಂಡು, "ನಿಮ್ಮ ಕರೆ ನಮಗೆ ಅಮೂಲ್ಯ, ದಯವಿಟ್ಟು ಕಾಯಿರಿ" ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ವಾಕಿಂಗ್ ಹೋಗಿದ್ದಾರೆ. ತಾವು ಕಾಯುತ್ತಿರುವಿರೆಂದು ನಂಬಿದ್ದೇನೆ.